ಬಿಸಿಲಿನ ಗೇಣಿ, ಊರಿನ ಪಾಲು

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಹೊಲಗಳ ಮೇಲೆ ಬೀಳುವ ಬಿಸಿಲಿಗೂ ಪಾವಗಡ ತಾಲ್ಲೂಕಿನ ತಿರುಮಣಿಯ ಹೊಲಗಳ ಮೇಲೆ ಬೀಳುವ ಬಿಸಿಲಿಗೂ ವ್ಯತ್ಯಾಸವಿಲ್ಲ. ಮಣ್ಣೂ ಹೆಚ್ಚುಕಡಿಮೆ ಅದೇ, ಮಳೆಯ ಗತಿಯೂ ಅದೇ. ಕಡ್ಲೆಕಾಯಿ ಬಿತ್ತಿ ಮುಗಿಲು ನೋಡುವುದು, ಮುಗಿಲು ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತುವುದು ಎರಡೂ ಕಡೆಯ ರೂಢಿ. ಆದರೆ ಕಳೆದ ಕೆಲವು ವರ್ಷಗಳಲ್ಲಿ ತಿರುಮಣಿಯ ಬಿಸಿಲಿಗೆ ಒಂದು ಬೆಲೆ ಬಂದಿದೆ. ಆ ಬೆಲೆಯಲ್ಲಿ ಯಾರ ಕೈಗೆ ಎಷ್ಟು ಸೇರುತ್ತದೆ ಎಂದು ಬಿಡಿಸಿ ನೋಡಿದರೆ ಒಂದು ದೊಡ್ಡ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ. ಶ್ರೀಮಂತ ದೇಶಗಳು ಶ್ರೀಮಂತವಾಗಿಯೇ ಉಳಿಯುವುದು ಹೇಗೆ? ಬಿಸಿಲು, ನೆಲ, ದುಡಿಯುವ ಕೈ ಎಲ್ಲ ಇದ್ದೂ ಬಡ ದೇಶಗಳು ಹಿಂದೆ ಬೀಳುವುದು ಏಕೆ?

ಮೊದಲು ಯೋಜನೆಯ ಪರಿಚಯ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಪಾವಗಡದ ಸೋಲಾರ್ ಪಾರ್ಕ್ ಇದೆ. ಸರ್ಕಾರ ಇಟ್ಟ ಹೆಸರು ‘ಶಕ್ತಿಸ್ಥಳ’. ಕರ್ನಾಟಕ ಮತ್ತು ಕೇಂದ್ರ ಸರ್ಕಾರದ ಸಂಸ್ಥೆಗಳು ಸೇರಿ 2015ರಲ್ಲಿ ಕಟ್ಟಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಇದನ್ನು ನಡೆಸುತ್ತದೆ. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ಣಗೊಂಡಾಗ ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕ್‌ಗಳ ಸಾಲಿನಲ್ಲಿ ಪಾವಗಡದ ಹೆಸರು ಸೇರಿತು. ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ರೈತರು ತಮ್ಮ ಜಮೀನನ್ನು 28 ವರ್ಷಗಳಿಗೆ ಗುತ್ತಿಗೆ ಕೊಟ್ಟರು. ಗೇಣಿ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಭೂಸ್ವಾಧೀನದ ಕಹಿ ಉಂಡ ನಾಡಿನಲ್ಲಿ ಇದು ನಿಜಕ್ಕೂ ಒಳ್ಳೆಯ ಹೆಜ್ಜೆ.

ಈಗ ಒಂದು ಎಕರೆಯ ಲೆಕ್ಕ ಹಾಕೋಣ. 13,000 ಎಕರೆಗೆ 2,050 ಮೆಗಾವಾಟ್ ಎಂದರೆ ಒಂದು ಮೆಗಾವಾಟ್‌ಗೆ ಆರೂಕಾಲು ಎಕರೆಯಷ್ಟು ಜಾಗ. ನಮ್ಮ ಸೀಮೆಯ ಬಿಸಿಲಿನಲ್ಲಿ ಒಂದು ಮೆಗಾವಾಟ್ ವರ್ಷಕ್ಕೆ ಅಂದಾಜು 20 ಲಕ್ಷ ಯೂನಿಟ್ ಕೊಡುತ್ತದೆ. ಹಾಗಾದರೆ ಒಂದು ಎಕರೆಯಿಂದ ಮೂರು ಲಕ್ಷ ಯೂನಿಟ್. ಯೂನಿಟ್‌ಗೆ ಮೂರು ರೂಪಾಯಿ ಹಿಡಿದರೂ ಎಕರೆಯಿಂದ ವರ್ಷಕ್ಕೆ ಒಂಬತ್ತು ಲಕ್ಷ ರೂಪಾಯಿಯ ವಿದ್ಯುತ್ ಮಾರಾಟ. ಅದರಲ್ಲಿ ಜಮೀನಿನ ಒಡೆಯನಿಗೆ ಮೊದಲ ವರ್ಷ 21,000. ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಆಸುಪಾಸು. ಉಳಿದ ತೊಂಬತ್ತೇಳು ರೂಪಾಯಿ ಚಿಲ್ಲರೆ ಎಲ್ಲಿಗೆ ಹೋಯಿತು?

ಕಂಪನಿಗಳು ನುಂಗಿದವು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ವಾಸ್ತವ ಅಷ್ಟು ಸರಳವಲ್ಲ. ಇಡೀ ಪಾರ್ಕ್‌ಗೆ ಹೂಡಿದ ಬಂಡವಾಳ ಹದಿನೈದು ಸಾವಿರ ಕೋಟಿ ರೂಪಾಯಿ ಆಸುಪಾಸು. ಎಕರೆಗೆ ಭಾಗಿಸಿದರೆ ಒಂದು ಕೋಟಿಗೂ ಮೇಲೆ. ಇಂಥ ಯೋಜನೆಗಳಲ್ಲಿ ನೂರಕ್ಕೆ ಎಪ್ಪತ್ತು ಭಾಗ ಸಾಲವೇ ಇರುತ್ತದೆ. ಆ ಸಾಲದ ಮೇಲಿನ ಬಡ್ಡಿ ಶೇ 1ರಷ್ಟು ಹೆಚ್ಚಾದರೆ ಎಕರೆಗೆ ವರ್ಷಕ್ಕೆ ಎಂಬತ್ತು ಸಾವಿರ ರೂಪಾಯಿಯಷ್ಟು ಹೆಚ್ಚು ಹೊರೆ. ರೈತನಿಗೆ ಕೊಡುವ ಗೇಣಿಯ ನಾಲ್ಕರಷ್ಟು! ಅಂದರೆ ಸೌರ ವಿದ್ಯುತ್ತಿನ ಬೆಲೆಯನ್ನು ನಿರ್ಧರಿಸುವುದು ಬಿಸಿಲಿಗಿಂತ ಹೆಚ್ಚಾಗಿ ಬಡ್ಡಿ. ಜರ್ಮನಿಯಲ್ಲಿ ಒಂದು ಮೆಗಾವಾಟ್ ವರ್ಷಕ್ಕೆ ಕೊಡುವುದು ಹತ್ತು ಲಕ್ಷ ಯೂನಿಟ್ ಆಸುಪಾಸು, ಪಾವಗಡದ ಅರ್ಧ. ಆದರೆ ಅಲ್ಲಿ ಹಣ ಅಗ್ಗ. ಬಡ ಮತ್ತು ಬೆಳೆಯುತ್ತಿರುವ ದೇಶಗಳಲ್ಲಿ ಸೌರ ಯೋಜನೆಗೆ ಬಂಡವಾಳ ತರುವ ವೆಚ್ಚ ಶ್ರೀಮಂತ ದೇಶಗಳಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿರುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಮತ್ತೆ ಮತ್ತೆ ತೋರಿಸಿದೆ. ಸೂರ್ಯ ನಮಗೆ ಕೊಟ್ಟ ಅನುಕೂಲದ ಬಹುಭಾಗವನ್ನು ಬಡ್ಡಿ ಕಿತ್ತುಕೊಳ್ಳುತ್ತದೆ.

ಬಡ್ಡಿಯ ನಂತರದ ದೊಡ್ಡ ಪಾಲು ಸೌರಫಲಕಗಳದು. ಸಿಲಿಕಾನ್ ಸೌರಕೋಶವನ್ನು ಬಳಕೆಗೆ ಬರುವಂತೆ ಮೊದಲು ಮಾಡಿದ್ದು ಅಮೆರಿಕದ ಬೆಲ್ ಪ್ರಯೋಗಾಲಯ, 1954ರಲ್ಲಿ. ಅದನ್ನು ಮನೆಮನೆಯ ಸೂರಿಗೆ ಏರಿಸಿದ್ದು ಜರ್ಮನಿ. 2000ದಲ್ಲಿ ಬಂದ ಅಲ್ಲಿನ ಕಾಯ್ದೆ, ಸೌರ ವಿದ್ಯುತ್ತನ್ನು ಇಪ್ಪತ್ತು ವರ್ಷ ನಿಗದಿತ ದರಕ್ಕೆ ಕೊಳ್ಳುವ ಭರವಸೆ ಕೊಟ್ಟಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ಬಳಿ ಕಲಿತ ಶಿ ಝೆಂಗ್‌ರಾಂಗ್ ತಾಯ್ನಾಡು ಚೀನಾಕ್ಕೆ ಮರಳಿ 2001ರಲ್ಲಿ ವೂಶಿ ನಗರದಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. ಅಲ್ಲಿಂದ ಮುಂದೆ ಚೀನಾದ ಸರ್ಕಾರ, ಬ್ಯಾಂಕು, ಕಾರ್ಖಾನೆ ಮೂರೂ ಒಂದೇ ದಿಕ್ಕಿಗೆ ನಡೆದವು. ಇವತ್ತು ಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ 80ಕ್ಕಿಂತ ಹೆಚ್ಚು ಸಾಮರ್ಥ್ಯ ಚೀನಾದಲ್ಲೇ ಇದೆ. ಪಾವಗಡದ ಹರಾಜುಗಳಲ್ಲಿ 2016ರಲ್ಲಿ ಯೂನಿಟ್‌ಗೆ ಐದು ರೂಪಾಯಿಗೆ ಸಮೀಪವಿದ್ದ ದರ 2018ರ ಹೊತ್ತಿಗೆ ಮೂರು ರೂಪಾಯಿಯ ಹತ್ತಿರಕ್ಕೆ ಇಳಿದದ್ದು ಮುಖ್ಯವಾಗಿ ಫಲಕಗಳ ಬೆಲೆ ಬಿದ್ದದ್ದರಿಂದ.

ಈ ಓಟದಲ್ಲಿ ಕರ್ನಾಟಕವೂ ಬೇಗನೆ ಹೊರಟಿತ್ತು. ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾದದ್ದು 1989ರಲ್ಲಿ, ಚೀನಾದ ಸನ್‌ಟೆಕ್ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲು. ಬಡವರ ಮನೆಗೆ ಸೋಲಾರ್ ದೀಪ ಒಯ್ದ ಹರೀಶ್ ಹಂದೆಯವರ ಸೆಲ್ಕೊ 1995ರದು. ಅರಿವು ನಮ್ಮಲ್ಲಿತ್ತು, ಎಂಜಿನಿಯರುಗಳೂ ಇದ್ದರು. ಇಲ್ಲದೇ ಹೋದದ್ದು ತಾಳ್ಮೆಯಿಂದ ಕಾಯುವ ಬಂಡವಾಳ, ಖಚಿತ ಮಾರುಕಟ್ಟೆ ಮತ್ತು ಇಪ್ಪತ್ತು ವರ್ಷ ಬದಲಾಗದೆ ನಿಲ್ಲುವ ನೀತಿ. 2018ರಲ್ಲಿ ಭಾರತ ಆಮದು ಫಲಕಗಳ ಮೇಲೆ ರಕ್ಷಣಾ ಸುಂಕ ಹಾಕಿತು. 2022ರ ಏಪ್ರಿಲ್‌ನಿಂದ ಅವುಗಳ ಮೇಲೆ ಶೇ 40 ಸುಂಕ ಬಂತು, ದೇಶೀ ತಯಾರಿಕೆಗೆ ಪ್ರೋತ್ಸಾಹಧನವೂ ಬಂತು. ಆದರೆ ಆ ಹೊತ್ತಿಗೆ ಪಾವಗಡದ ಕೆಲಸ ಮುಗಿದಿತ್ತು.

ಅರ್ಥಶಾಸ್ತ್ರಜ್ಞರು ಸ್ಪರ್ಧಾತ್ಮಕತೆ ಎನ್ನುವ ಗುಣದ ಒಳಗುಟ್ಟು ಇಲ್ಲಿದೆ. ಸಾಮಾನ್ಯವಾಗಿ ನಾವು ಅದನ್ನು ಅಗ್ಗ ಎಂದು ತಿಳಿಯುತ್ತೇವೆ. ಅಗ್ಗದ ಕೂಲಿ, ಅಗ್ಗದ ನೆಲ, ಅಗ್ಗದ ವಿದ್ಯುತ್ ಕೊಟ್ಟರೆ ಬಂಡವಾಳ ಬರುತ್ತದೆ, ಊರು ಉದ್ಧಾರವಾಗುತ್ತದೆ ಎಂಬ ನಂಬಿಕೆ. 1990ರಲ್ಲಿ ಈ ವಿಷಯದ ಮೇಲೆ ದೊಡ್ಡ ಗ್ರಂಥ ಬರೆದ ಮೈಕೆಲ್ ಪೋರ್ಟರ್ ಇದನ್ನು ಒಪ್ಪಲಿಲ್ಲ. ದೇಶವೊಂದು ಗೆಲ್ಲುವುದು ಅಗ್ಗದ ಕೂಲಿಯಿಂದಲ್ಲ, ಹೆಚ್ಚು ಕೂಲಿ ಕೊಟ್ಟೂ ಲಾಭ ಗಳಿಸುವಷ್ಟು ಕುಶಲತೆ ಬೆಳೆಸಿಕೊಳ್ಳುವುದರಿಂದ ಎನ್ನುವುದು ಅವರ ವಾದ. ಪರಿಸರದ ಕಟ್ಟುಪಾಡುಗಳನ್ನು ಜಾಣತನದಿಂದ ರೂಪಿಸಿದರೆ ಅವು ಉದ್ಯಮವನ್ನು ಕಟ್ಟಿಹಾಕುವುದಿಲ್ಲ, ಹೊಸ ದಾರಿ ಹುಡುಕುವಂತೆ ಮಾಡುತ್ತವೆ ಎಂದೂ ಅವರು ಹೇಳಿದರು. ದೇಶಗಳು ಕಂಪನಿಗಳಂತೆ ಒಂದನ್ನೊಂದು ಮುಳುಗಿಸಿ ಬದುಕುವುದಿಲ್ಲ, ಒಬ್ಬರ ಏಳಿಗೆ ಇನ್ನೊಬ್ಬರಿಗೆ ಮಾರುಕಟ್ಟೆಯಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ 1994ರಲ್ಲಿ ಎಚ್ಚರಿಸಿದರು. ಇಬ್ಬರ ಮಾತನ್ನೂ ಕೂಡಿಸಿ ನಮ್ಮ ಸೀಮೆಗೆ ಅನ್ವಯಿಸಿದರೆ ಹೊಳೆಯುವುದು ಇಷ್ಟು: ಊರಿನ ನೆಲ ಎಷ್ಟು ಅಗ್ಗಕ್ಕೆ ಸಿಕ್ಕಿತು ಎನ್ನುವುದು ಅಳತೆಗೋಲಲ್ಲ. ಹತ್ತು ವರ್ಷದ ಮೇಲೆ ಊರಿನ ಜನಕ್ಕೆ ಮೊದಲು ಬಾರದ ಯಾವ ಕೆಲಸ ಬರುತ್ತದೆ, ಹುಟ್ಟಿದ ಸಂಪತ್ತಿನಲ್ಲಿ ಎಷ್ಟು ಊರಲ್ಲೇ ನಿಲ್ಲುತ್ತದೆ ಎನ್ನುವುದೇ ಅಳತೆಗೋಲು.

ಡೆನ್ಮಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. 1973ರ ತೈಲ ಬಿಕ್ಕಟ್ಟು ಬಂದಾಗ ಆ ದೇಶ ಇಂಧನಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಆಮದು ತೈಲವನ್ನೇ ನೆಚ್ಚಿತ್ತು. ಅಲ್ಲಿ ಗಾಳಿಯಂತ್ರಗಳನ್ನು ಕಟ್ಟಿದ್ದು ಮೊದಲು ಹಳ್ಳಿಯ ಕಮ್ಮಾರರು, ಬಡಗಿಗಳು, ಕೃಷಿ ಯಂತ್ರ ತಯಾರಕರು. ಜಗತ್ತಿನ ದೊಡ್ಡ ಗಾಳಿಯಂತ್ರ ಕಂಪನಿಗಳಲ್ಲಿ ಒಂದಾದ ವೆಸ್ಟಾಸ್‌ನ ಬೇರು ಲೆಮ್ ಎಂಬ ಸಣ್ಣ ಊರಿನ ಕುಲುಮೆಯಲ್ಲಿದೆ. ಆ ಕಂಪನಿ ಗಾಳಿಯಂತ್ರಕ್ಕೆ ಕೈಹಾಕಿದ್ದು 1970ರ ದಶಕದ ಕೊನೆಯಲ್ಲಿ. ಊರವರು ಸಹಕಾರ ಸಂಘ ಮಾಡಿಕೊಂಡು ಯಂತ್ರ ಕೊಂಡರು, ಕೆಟ್ಟರೆ ದೂರಿದರು, ತಯಾರಕರು ತಿದ್ದಿದರು. ಕೋಪನ್‌ಹೇಗನ್ ಬಳಿಯ ಕಡಲಿನಲ್ಲಿ 2000ದಲ್ಲಿ ನಿಂತ ಮಿಡ್ಡೆಲ್‌ಗ್ರುಂಡೆನ್‌ನ ಇಪ್ಪತ್ತು ಗಾಳಿಯಂತ್ರಗಳಲ್ಲಿ ಹತ್ತರ ಒಡೆತನ ಸಾವಿರಾರು ಜನಸಾಮಾನ್ಯರ ಸಹಕಾರ ಸಂಘದ್ದು. 2009ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದ ಕಾಯ್ದೆ, ಹೊಸ ಗಾಳಿ ಯೋಜನೆಯ ಕನಿಷ್ಠ ಶೇ 20 ಷೇರುಗಳನ್ನು ಸುತ್ತಲಿನ ನಿವಾಸಿಗಳಿಗೆ ಕೊಳ್ಳಲು ಕೊಡಲೇಬೇಕೆಂದಿತ್ತು. ಈಗ ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು. ಪರಿಸರವೂ ಉಳಿಯಿತು, ಉದ್ಯೋಗವೂ ಬೆಳೆಯಿತು, ಲಾಭ ಊರಿಗೂ ಬಂತು. ಶ್ರೀಮಂತಿಕೆ ಮೊದಲು ಬಂದು ಸುಸ್ಥಿರತೆ ಆಮೇಲೆ ಬಂದದ್ದಲ್ಲ. ಎರಡನ್ನೂ ಕಟ್ಟಿದ್ದು ಒಂದೇ ಕೈಕಸುಬು.

ಕುಶಲ ಕೈಗಳು ಊರಿನ ಭಾಗ್ಯವನ್ನು ಹೇಗೆ ಬದಲಿಸುತ್ತವೆ ಎಂಬುದಕ್ಕೆ ಪರದೇಶಕ್ಕೆ ಹೋಗಬೇಕಿಲ್ಲ, ಶಿರಾದ ಚರಿತ್ರೆಯೇ ಸಾಕು. 1687ರಲ್ಲಿ ಮೊಗಲರು ಈ ಭಾಗವನ್ನು ಗೆದ್ದ ಮೇಲೆ ಶಿರಾ ಒಂದು ಸುಬಾದ ರಾಜಧಾನಿಯಾಯಿತು. ಅರಮನೆ, ತೋಟ, ಪೇಟೆ ಬೆಳೆದವು. ಬೆಂಗಳೂರಿನ ಲಾಲ್‌ಬಾಗ್‌ಗೆ ಶಿರಾದ ತೋಟವೇ ಮಾದರಿ ಎನ್ನುತ್ತಾರೆ. ಆಮೇಲೆ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಬಳಿ ಗಂಜಾಂ ಪೇಟೆಯನ್ನು ಕಟ್ಟಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದ ಸಂಗತಿ ಮೈಸೂರು ಗೆಜೆಟಿಯರ್‌ನಲ್ಲಿದೆ. ಶಿರಾದ ಕೋಟೆ ಅಲ್ಲೇ ಇತ್ತು, ಕೆರೆ ಅಲ್ಲೇ ಇತ್ತು, ದಾರಿಗಳೂ ಇದ್ದವು. ನೇಯುವವರು, ಬೆಸೆಯುವವರು, ವ್ಯಾಪಾರ ಬಲ್ಲವರು ಹೋದರು. ಪೇಟೆ ಕುಸಿಯಿತು. ಇವತ್ತು ಯಾರೂ ನಮ್ಮ ಮಕ್ಕಳನ್ನು ಬಲವಂತವಾಗಿ ಸಾಗಿಸುತ್ತಿಲ್ಲ. ಡಿಪ್ಲೊಮಾ, ಡಿಗ್ರಿ ಮುಗಿಸಿದವರಿಗೆ ಊರಲ್ಲಿ ಕೆಲಸವಿಲ್ಲದ್ದರಿಂದ ಅವರೇ ಹೋಗುತ್ತಿದ್ದಾರೆ. ಊರಿಗೆ ಆಗುವ ನಷ್ಟ ಮಾತ್ರ ಅದೇ.

ಅಗ್ಗದ ಬೆಲೆಯ ಹಿಂದೆ ಏನು ಅಡಗಿರುತ್ತದೆ ಎಂಬುದನ್ನೂ ಈ ಸೀಮೆ ಉಂಡು ಬಲ್ಲದು. ಪಕ್ಕದ ಚಳ್ಳಕೆರೆಯ ಎಣ್ಣೆ ಗಿರಣಿಗಳು ಒಂದು ಕಾಲಕ್ಕೆ ನಾಡಿಗೆಲ್ಲ ಹೆಸರಾಗಿದ್ದವು. ಪಾವಗಡ, ಶಿರಾ, ಮಧುಗಿರಿಯ ಕಡ್ಲೆಕಾಯಿಗೆ ಅವು ಹತ್ತಿರದ ಮಾರುಕಟ್ಟೆ. 1986ರಲ್ಲಿ ಶುರುವಾದ ಎಣ್ಣೆಕಾಳು ತಾಂತ್ರಿಕ ಮಿಷನ್‌ನಿಂದ ಭಾರತ ಖಾದ್ಯ ತೈಲದಲ್ಲಿ ಸ್ವಾವಲಂಬನೆಯ ಹತ್ತಿರ ಬಂದಿತ್ತು. 1994ರಿಂದ ತಾಳೆ ಎಣ್ಣೆಯ ಆಮದು ಸಡಿಲವಾಯಿತು, ಮುಂದೆ ಸುಂಕವೂ ಇಳಿಯಿತು. ಇಂಡೊನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆಯ ಮುಂದೆ ಮಳೆಯನ್ನೇ ನಂಬಿದ ಕಡ್ಲೆಕಾಯಿ ನಿಲ್ಲಲಿಲ್ಲ. ಈಗ ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಚಳ್ಳಕೆರೆಯ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು. ಆ ತಾಳೆ ಎಣ್ಣೆ ನಿಜಕ್ಕೂ ಅಗ್ಗವೇ? ಸುಮಾತ್ರ, ಕಾಲಿಮಂಟನ್‌ಗಳ ಮಳೆಕಾಡು ಕಡಿದು, ಜವುಗು ನೆಲಕ್ಕೆ ಬೆಂಕಿಯಿಟ್ಟು ಎಬ್ಬಿಸಿದ ತೋಟಗಳಿಂದ ಬಂದ ಎಣ್ಣೆ ಅದರಲ್ಲಿ ಸೇರಿತ್ತು. 1997ರಲ್ಲಿ, ಮತ್ತೆ 2015ರಲ್ಲಿ ಆ ಹೊಗೆ ನೆರೆಯ ದೇಶಗಳ ಆಕಾಶವನ್ನೂ ಕವಿಯಿತು. ಕಾಡಿನ ಬೆಲೆ ಎಣ್ಣೆಯ ಬೆಲೆಯಲ್ಲಿ ಸೇರಲಿಲ್ಲ, ನಮ್ಮ ರೈತ ಬಿಟ್ಟ ಬೆಳೆಯ ಬೆಲೆಯೂ ಸೇರಲಿಲ್ಲ. ಇಬ್ಬರು ಬಡವರ ನಡುವೆ ನಡೆದ ಪೈಪೋಟಿಯಲ್ಲಿ ಕಾಡು ಸೋತಿತು, ಬಯಲುಸೀಮೆಯೂ ಸೋತಿತು.

ಮುಂದಿನ ಪೀಳಿಗೆಯ ಅಗತ್ಯಗಳನ್ನು ಬಲಿಕೊಡದೆ ಇಂದಿನ ಅಗತ್ಯ ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿಶ್ವಸಂಸ್ಥೆಯ ಬ್ರುಂಟ್‌ಲಾಂಡ್ ಆಯೋಗ 1987ರಲ್ಲಿ ಹೇಳಿತು. ಆ ಮಾತನ್ನು ಇಡೀ ಜಗತ್ತು ಒಪ್ಪಿತು, ಭಾರ ಮಾತ್ರ ಸಮನಾಗಿ ಹಂಚಲಿಲ್ಲ. ಅಮೆರಿಕದ ಒಬ್ಬ ಪ್ರಜೆ ವರ್ಷಕ್ಕೆ ಸರಾಸರಿ 14 ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್‌ಗೆ ಕಾರಣನಾದರೆ ಭಾರತೀಯನ ಪಾಲು 2 ಟನ್. ಬಡ ದೇಶಗಳ ಹವಾಮಾನ ಕೆಲಸಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಬಹುಪಾಲು ಸಾಲ. ಇನ್ನೊಂದು ಕಡೆ, ಐರೋಪ್ಯ ಒಕ್ಕೂಟ ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರಗಳ ಮೇಲೆ ಅವುಗಳ ಇಂಗಾಲದ ಲೆಕ್ಕದಲ್ಲಿ ಗಡಿ ತೆರಿಗೆ ತಂದಿದೆ. 2023ರ ಅಕ್ಟೋಬರ್‌ನಿಂದ ಲೆಕ್ಕ ಒಪ್ಪಿಸುವುದು, 2026ರ ಜನವರಿಯಿಂದ ಹಣ ತೆರುವ ಹೊಣೆ. ಕಲ್ಲಿದ್ದಲು ಸುಟ್ಟೇ ಮೇಲೆ ಬಂದವರು ಈಗ ಏಣಿಗೆ ಸುಂಕ ಕೇಳುತ್ತಿದ್ದಾರೆ ಎಂಬ ಭಾರತದ ಆಕ್ಷೇಪದಲ್ಲಿ ನ್ಯಾಯವಿದೆ. ಹಾಗೆಂದು ಕೈಕಟ್ಟಿ ಕೂರಲಾಗದು. ನಮ್ಮದೇ ರಾಜ್ಯದ ತೋರಣಗಲ್ಲಿನ ಉಕ್ಕು ಯುರೋಪಿಗೆ ಹೋಗಬೇಕಾದರೆ ಅದನ್ನು ತಯಾರಿಸುವ ವಿದ್ಯುತ್ ಯಾವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಬಯಲುಸೀಮೆಯ ಬಿಸಿಲು, ಗಾಳಿ ನಾಡಿನ ಕೈಗಾರಿಕೆಗೇ ಬಲವಾಗುತ್ತವೆ. ಬಿಸಿಲು ಕೊಡುವ ತಾಲ್ಲೂಕಿಗೆ ಅದರಲ್ಲಿ ಪಾಲು ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಏಕೆಂದರೆ ಶ್ರೀಮಂತ ದೇಶ, ಬಡ ದೇಶ ಎಂಬ ಗೆರೆ ನಾಡಿನ ಒಳಗೂ ಹರಿಯುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು ಎಲ್ಲ ತಾಲ್ಲೂಕುಗಳನ್ನು ಅಳೆದು 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯ ತಲಾ ಆದಾಯದ ಸುಮಾರು ಐದು ಪಟ್ಟು ಇದೆ ಎಂದು ರಾಜ್ಯದ ಆರ್ಥಿಕ ಸಮೀಕ್ಷೆಗಳೇ ಹೇಳುತ್ತವೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ 2024ರಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ಕಡ್ಲೆಕಾಯಿಯನ್ನು ಮೂಟೆ ಲೆಕ್ಕದಲ್ಲಿ ಮಾರಿ ಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ಕೊಳ್ಳುವ ರೈತನ ಹಾಗೆ, ಹಿಂದುಳಿದ ತಾಲ್ಲೂಕು ನೆಲ, ಬಿಸಿಲು, ಕೂಲಿಯನ್ನು ಕಚ್ಚಾ ಮಾಲಾಗಿ ಮಾರಿ ಸಿದ್ಧವಸ್ತುವನ್ನು ದುಬಾರಿಗೆ ಕೊಳ್ಳುತ್ತದೆ. ಕೋಕೋ ಬೆಳೆಯುವ ಘಾನಾದ್ದೂ ಚಾಕೊಲೇಟ್ ಮಾರುವ ಯುರೋಪಿನದ್ದೂ ಇದೇ ನಂಟು.

ಪಾವಗಡಕ್ಕೆ ಏನೂ ಸಿಗಲಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಬರದ ವರ್ಷಗಳಲ್ಲಿ ಬಿತ್ತಿದ ಬೀಜವೂ ಕೈಗೆ ಬಾರದ ನೆಲಕ್ಕೆ ಮಳೆ ಬಂದರೂ ಬಾರದಿದ್ದರೂ ಬರುವ ಗೇಣಿ ದೊಡ್ಡ ಆಸರೆ. ಹತ್ತು ಎಕರೆ ಕೊಟ್ಟವರಿಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ ಖಚಿತ ಆದಾಯ. ಕೊಳವೆಬಾವಿಯ ಸಾಲ ತೀರಿಸಿದವರಿದ್ದಾರೆ, ಮನೆ ಕಟ್ಟಿದವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ. ನಾಡಿಗಂತೂ ವರ್ಷಕ್ಕೆ ನಾನ್ನೂರು ಕೋಟಿ ಯೂನಿಟ್‌ನಷ್ಟು ಹೊಗೆಯಿಲ್ಲದ ವಿದ್ಯುತ್ ಸಿಕ್ಕಿತು.

ಆದರೆ ಜಮೀನಿಲ್ಲದವರಿಗೆ ಗೇಣಿ ಇಲ್ಲ. ಕಳೆ ಕೀಳುವುದು, ಕಡ್ಲೆಕಾಯಿ ಕೀಳುವುದು ಅವರ ಅನ್ನವಾಗಿತ್ತು. ಹೊಲ ಹೋದಾಗ ಆ ಕೂಲಿಯೂ ಹೋಯಿತು. ಪಾರ್ಕ್‌ನೊಳಗೆ ಸ್ಥಳೀಯರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕಾವಲು ಕಾಯುವ, ಹುಲ್ಲು ಕೊಯ್ಯುವ, ಫಲಕ ತೊಳೆಯುವ ಕೆಲಸ. ವರ್ಷಗಳಿಂದ ಉಳುತ್ತಿದ್ದರೂ ಪಹಣಿಯಲ್ಲಿ ಹೆಸರಿಲ್ಲದ ಬಗರ್‌ಹುಕುಂ ರೈತರಿಗೆ ಒಪ್ಪಂದಕ್ಕೆ ಸಹಿ ಹಾಕುವ ಹಕ್ಕೇ ಇಲ್ಲ. ಬೀಳುಬಿಟ್ಟ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದ ಕುರುಬರು, ಕಾಡುಗೊಲ್ಲರಿಗೆ ಬೇಲಿ ಬಿದ್ದ ಮೇಲೆ ಜಾಗ ಕಿರಿದಾಯಿತು. ಸರ್ಕಾರಿ ಕಡತದಲ್ಲಿ ಬಂಜರು ಎನಿಸಿದ ನೆಲ ಜೀವಕ್ಕೆ ಬಂಜರಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ. 2007ರಲ್ಲಿ ಜಯಮಂಗಲಿ ಸಂರಕ್ಷಿತ ಮೀಸಲು ಎಂದು ಘೋಷಣೆಯಾಗದಿದ್ದರೆ ಅದೂ ಯಾವುದೋ ಯೋಜನೆಯ ನಕ್ಷೆಯಲ್ಲಿ ಖಾಲಿ ಜಾಗವೆಂದು ಕಾಣಬಹುದಿತ್ತು.

ಗೇಣಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ವರ್ಷಕ್ಕೆ ಶೇ 5 ಏರಿಕೆ ಎಂದರೆ ವರ್ಷಕ್ಕೆ ಶೇ 2.5 ಕೂಡ ಆಗುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಷ್ಟು ಏರುತ್ತ ಹೋದವು ಎಂದುಕೊಳ್ಳಿ. ಗುತ್ತಿಗೆಯ ಕೊನೆಯ ವರ್ಷಗಳಲ್ಲಿ ರೈತನ ಕೈಗೆ ಎಕರೆಗೆ 39 ಸಾವಿರಕ್ಕೂ ಹೆಚ್ಚು ಬರುತ್ತದೆ, ನಿಜ. ಆದರೆ ಅದು ಕೊಳ್ಳುವ ಸಾಮಾನು ಮೊದಲ ವರ್ಷದ 11 ಸಾವಿರ ರೂಪಾಯಿಯಷ್ಟು ಮಾತ್ರ. ಅಂದರೆ ಸಹಿ ಹಾಕಿದ ರೈತನ ಆದಾಯ ಮಗನ ಕಾಲಕ್ಕೆ ಅರ್ಧಕ್ಕೆ ಇಳಿದಿರುತ್ತದೆ. ಮುಂದಿನ ಪೀಳಿಗೆಯನ್ನು ಬಲಿಕೊಡಬಾರದು ಎಂಬ ತತ್ವದ ಹೆಸರಲ್ಲಿ ಕಟ್ಟಿದ ಯೋಜನೆಯ ಕರಾರಿನಲ್ಲೇ ಮುಂದಿನ ಪೀಳಿಗೆಗೆ ಕಡಿಮೆ ಬರೆದಿದೆ.

ಇದನ್ನು ಸರಿಪಡಿಸಲು ಪವಾಡ ಬೇಕಿಲ್ಲ. ಮೊದಲನೆಯದು ಪಾಲು. ಮುಂದಿನ ಯಾವ ಗುತ್ತಿಗೆಯಲ್ಲೂ ಗೇಣಿಯ ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು. ಅದರ ಜೊತೆಗೆ ವಿದ್ಯುತ್ ಮಾರಾಟದ ಒಂದು ಭಾಗ ಗ್ರಾಮ ಪಂಚಾಯಿತಿಗೆ ಬಂದು ಭೂಹೀನರಿಗೂ ತಲುಪುವಂತಿರಬೇಕು. ಎಕರೆಯ ಒಂಬತ್ತು ಲಕ್ಷದಲ್ಲಿ ನೂರಕ್ಕೆ ಒಂದು ರೂಪಾಯಿ ಇಟ್ಟರೂ 13,000 ಎಕರೆಗೆ ವರ್ಷಕ್ಕೆ ಸುಮಾರು ಹನ್ನೆರಡು ಕೋಟಿ ರೂಪಾಯಿ ಆಗುತ್ತದೆ. ಯೂನಿಟ್‌ಗೆ ಮೂರು ಪೈಸೆಯ ಪ್ರಶ್ನೆ ಅದು. ಮೂರು ಪೈಸೆಗೆ ಯಾವ ಕಾರ್ಖಾನೆಯೂ ಕರ್ನಾಟಕ ಬಿಟ್ಟು ಹೋಗುವುದಿಲ್ಲ.

ಎರಡನೆಯದು ಒಡೆತನ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯ ರೈತರು 2016ರಲ್ಲಿ ಸೋಲಾರ್ ಪಂಪ್‌ಗಳ ಸಹಕಾರ ಸಂಘ ಕಟ್ಟಿ, ನೀರೆತ್ತಿ ಉಳಿದ ವಿದ್ಯುತ್ತನ್ನು ಗ್ರಿಡ್‌ಗೆ ಮಾರಿದರು. ನೀರನ್ನು ಸುಮ್ಮನೆ ಎತ್ತುವುದಕ್ಕಿಂತ ವಿದ್ಯುತ್ ಮಾರುವುದು ಲಾಭವಾದಾಗ ಅಂತರ್ಜಲವೂ ಉಳಿಯುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ನಮ್ಮ ತಾಲ್ಲೂಕುಗಳಿಗೆ ಇದಕ್ಕಿಂತ ಬೇಕಾದ ಪಾಠ ಇನ್ನೊಂದಿಲ್ಲ. 2019ರಲ್ಲಿ ಬಂದ ಕೇಂದ್ರದ ಕುಸುಮ್ ಯೋಜನೆ, ರೈತರು, ಸಹಕಾರ ಸಂಘಗಳು, ಪಂಚಾಯಿತಿಗಳು ಅರ್ಧದಿಂದ ಎರಡು ಮೆಗಾವಾಟ್‌ವರೆಗಿನ ಘಟಕಗಳನ್ನು ಕಟ್ಟಲು ದಾರಿ ತೆರೆಯಿತು. ಎರಡು ಮೆಗಾವಾಟ್‌ಗೆ ಹನ್ನೆರಡು ಹದಿಮೂರು ಎಕರೆ ಸಾಕು. ತೊಡಕು ಬಡ್ಡಿಯದು. ಹಾಲಿನ ಸಂಘಗಳನ್ನು ಕಟ್ಟಿ ಬೆಳೆಸಿದ ಜಿಲ್ಲೆ ಇದು. ಜಿಲ್ಲಾ ಸಹಕಾರ ಬ್ಯಾಂಕುಗಳಿಗೆ ಸರ್ಕಾರ ಖಾತರಿ ಕೊಟ್ಟು ಕಡಿಮೆ ಬಡ್ಡಿಯ ಸಾಲ ಒದಗಿಸಿದರೆ ಗೇಣಿ ಪಡೆಯುವ ರೈತ ವಿದ್ಯುತ್ ಮಾರುವ ರೈತನಾಗುತ್ತಾನೆ. ಹವಾಮಾನ ನಿಧಿಯನ್ನು ಶ್ರೀಮಂತ ದೇಶಗಳಿಂದ ಕೇಳುವಾಗ ದೆಹಲಿ ಇದನ್ನೇ ಕೇಳಬೇಕು: ಭಿಕ್ಷೆ ಬೇಡ, ನಿಮಗೆ ಸಿಗುವ ಬಡ್ಡಿಗೇ ನಮ್ಮ ಹಳ್ಳಿಗೂ ಸಾಲ ಕೊಡಿ.

ಮೂರನೆಯದು ಕಸುಬು. ಫಲಕಗಳ ಸಾಲಿನ ನಡುವೆ ಬೆಳೆಯುವ ಹುಲ್ಲನ್ನು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕುರಿಗಳಿಗೆ ಮೇಯಿಸುತ್ತಾರೆ, ಅದಕ್ಕೆ ಕುರಿಗಾರರಿಗೆ ಹಣ ಕೊಡುವ ಕಂಪನಿಗಳೂ ಇವೆ. ಮೇಕೆ ಫಲಕದ ಮೇಲೆ ಹತ್ತುತ್ತದೆ, ಕುರಿ ಹತ್ತುವುದಿಲ್ಲ. ಕುರಿ, ಕಂಬಳಿಗೆ ತಲೆಮಾರುಗಳಿಂದ ಹೆಸರಾದ ಶಿರಾ ಸೀಮೆಯಲ್ಲಿ ಕುರಿಯನ್ನು ಬೇಲಿಯಾಚೆ ನಿಲ್ಲಿಸಿ ಹುಲ್ಲು ಕೊಯ್ಯಲು ಯಂತ್ರ ತರುವುದರಲ್ಲಿ ಯಾವ ಜಾಣತನವೂ ಇಲ್ಲ. ಇನ್ವರ್ಟರ್ ರಿಪೇರಿ, ಫಲಕ ಪರೀಕ್ಷೆ, ನೀರಿಲ್ಲದೆ ಫಲಕ ಒರೆಸುವ ಯಂತ್ರದ ನಿರ್ವಹಣೆ ಇವೆಲ್ಲ ಐಟಿಐ ಓದಿದವರು ಮಾಡಬಲ್ಲ ಕೆಲಸಗಳು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಐಟಿಐಗಳಲ್ಲಿ ಇವು ಪಠ್ಯವಾಗಬೇಕು, ಪಾರ್ಕ್‌ನ ಕಂಪನಿಗಳು ಅಲ್ಲಿ ಕಲಿತವರನ್ನೇ ತೆಗೆದುಕೊಳ್ಳಬೇಕೆಂಬ ಷರತ್ತು ಕರಾರಿನಲ್ಲಿರಬೇಕು. ಆಯಸ್ಸು ಮುಗಿದ ಫಲಕಗಳು 2045ರ ಸುಮಾರಿಗೆ ಲಕ್ಷಗಟ್ಟಲೆ ರಾಶಿ ಬೀಳಲಿವೆ. 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೌರಫಲಕಗಳೂ ಬರುತ್ತವೆ. ಗಾಜು, ಅಲ್ಯೂಮಿನಿಯಂ, ಬೆಳ್ಳಿಯನ್ನು ಬೇರ್ಪಡಿಸುವ ಘಟಕವನ್ನು ಈಗಲೇ ಇಲ್ಲಿ ಯೋಚಿಸಿದರೆ ಅದು ಉದ್ಯಮ. ಯೋಚಿಸದಿದ್ದರೆ ಅದು ಕಸದ ಗುಡ್ಡ, ಹೊಲ ಮರಳಿ ಪಡೆಯುವ ಮೊಮ್ಮಕ್ಕಳ ತಲೆಯ ಮೇಲೆ.

ಪಟ್ಟನಾಯಕನಹಳ್ಳಿಯ ಸ್ಫಟಿಕಪುರಿ ಮಹಾಸಂಸ್ಥಾನದ ನಂಜಾವಧೂತ ಸ್ವಾಮೀಜಿಯವರಂತೆ ಈ ಸೀಮೆಯ ಅನೇಕರು ನೀರಾವರಿಗಾಗಿ ವರ್ಷಗಳಿಂದ ದನಿ ಎತ್ತಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಗಾಗಿ ಇಲ್ಲಿನ ಜನ ಕಾದದ್ದು ದಶಕಗಳ ಕಾಲ. ನೀರಿಗೆ ಹೋರಾಡಿದಷ್ಟೇ ಗಟ್ಟಿಯಾಗಿ ಬಿಸಿಲಿನ ಪಾಲಿಗೂ ಹೋರಾಡುವ ಕಾಲ ಬಂದಿದೆ. ನೀರು ಹರಿದು ಬರಲು ಕಾಲುವೆ ಬೇಕು, ಬೇರೆ ಜಿಲ್ಲೆಗಳ ಒಪ್ಪಿಗೆ ಬೇಕು. ಬಿಸಿಲು ಈಗಾಗಲೇ ನಮ್ಮ ಹೊಲದ ಮೇಲಿದೆ. ಗುತ್ತಿಗೆಯ ಕಾಗದ ಹಿಡಿದು ನಾಳೆ ಯಾರಾದರೂ ಶಿರಾ, ಮಧುಗಿರಿ, ಕೊರಟಗೆರೆಯ ಹಳ್ಳಿಗೆ ಬಂದರೆ ಒಬ್ಬೊಬ್ಬರಾಗಿ ಸಹಿ ಹಾಕಬೇಡಿ. ಗ್ರಾಮಸಭೆ ಕರೆಯಿರಿ, ಭೂಹೀನರನ್ನೂ ಕುರಿಗಾರರನ್ನೂ ಕೂರಿಸಿಕೊಳ್ಳಿ. ಗೇಣಿ ಬೆಲೆಯೇರಿಕೆಯ ಜೊತೆ ಏರುತ್ತದೆಯೇ, ಯೂನಿಟ್ ಮೇಲೆ ಊರಿಗೆ ಪಾಲಿದೆಯೇ, ನಮ್ಮ ಮಕ್ಕಳಿಗೆ ಯಾವ ಕೆಲಸ ಕಲಿಸುತ್ತೀರಿ, ಗುತ್ತಿಗೆ ಮುಗಿದ ದಿನ ಹೊಲವನ್ನು ಯಾರ ಖರ್ಚಿನಲ್ಲಿ ಹಸನು ಮಾಡಿಕೊಡುತ್ತೀರಿ ಎಂಬ ನಾಲ್ಕು ಪ್ರಶ್ನೆ ಕೇಳಿ. ನಾಲ್ಕಕ್ಕೂ ಕಾಗದದ ಮೇಲೆ ಉತ್ತರ ಬಂದ ಮೇಲೆ ಪೆನ್ನು ಎತ್ತಿ.